ಗೌರಮ್ಮನ ಮೇಲೆ ಹೊರಿಸಿದ ಸಾವು

ಮಾದಪ್ಪನನ್ನು ಕೊಂದದ್ದು ಅವನ ಹೆಂಡತಿ ಗೌರಮ್ಮ ಉಳುಕೆಂದು ಬೆನ್ನು ತಿಕ್ಕಿಸಿದ್ದಲ್ಲ — ನನ್ನ ಇಂಜೆಕ್ಷನ್. ತಿಕ್ಕಿಸಿದ್ದಕ್ಕೇ ಎದೆಯ ರಕ್ತನಾಳ ಹರಿಯಿತೆಂದು ನಂಬಿಸಿದವನೂ ನಾನೇ, ನಂಜನಗೂಡಿನಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರು.

ತೊಂಬತ್ತರ ದಶಕದ ಕೊನೆ. ತಗಡೂರಿನ ಕಡೆಯಿಂದ ಅವನನ್ನು ಜೀಪಿನಲ್ಲಿ ತಂದರು. ಎದೆಯಲ್ಲಿ ಸೀಳಿದಂತೆ ಶುರುವಾದ ನೋವು ಬೆನ್ನಿಗೆ ಇಳಿದಿತ್ತು. ಹಾರ್ಟ್ ಅಟ್ಯಾಕ್ ಎಂದುಬಿಟ್ಟೆ. ಹೆಪ್ಪು ಕರಗಿಸುವ ಇಂಜೆಕ್ಷನ್ ತರಿಸಿದೆ. ಆಮೇಲೆ ಎಡಗೈ ಹಿಡಿದೆ — ನಾಡಿ ಸಿಗಲಿಲ್ಲ. ಬಲಗೈಯಲ್ಲಿ ಜೋರಾಗಿಯೇ ಬಡಿಯುತ್ತಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಳಗೇ ಹರಿದರೆ ಹೀಗಾಗುತ್ತದೆ, ಆಗ ಆ ಇಂಜೆಕ್ಷನ್ ರಕ್ತಸ್ರಾವ ಹೆಚ್ಚಿಸುವ ವಿಷ. ನನಗೆ ಗೊತ್ತಿತ್ತು. ಮೈಸೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಬೇಕಿತ್ತು: ಹರಿದದ್ದು ಹೃದಯದ ಪಕ್ಕದಲ್ಲಾದರೆ ತಕ್ಷಣ ಆಪರೇಷನ್, ಕೆಳಗಾದರೆ ಬಿಪಿ ಇಳಿಸುವ ಔಷಧಿ.

ಬಾಯಿ ತೆರೆಯುವಷ್ಟರಲ್ಲಿ ಅವನ ಅಣ್ಣ ಗುರುಸಿದ್ದಪ್ಪ ಎಲ್ಲರೆದುರು ಅಂದ: "ಏನ್ ಸಾ, ಆ ಕೈ ಈ ಕೈ ಇಡ್ಕಂಡು ನೋಡ್ತಾನೇ ಇದ್ದೀರಿ? ಗೊತ್ತಾಗ್ನಿಲ್ಲ ಅಂದ್ರೆ ಯೇಳ್ಬುಡಿ, ಗೊತ್ತಿರೋರ್ ತಾವ್ಕೆ ಕರ್ಕೊಂಡೋಯ್ತೀವಿ."

ನನ್ನದು ಜ್ವರದ ಮಾತ್ರೆಯ ಡಾಕ್ಟರಿಕೆ ಎಂದು ಊರೆಲ್ಲ ಆಡಿಕೊಂಡವನು ಅವನು. ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನೆದುರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಾರದೆ — ಇಂಜೆಕ್ಷನ್ ಕೊಟ್ಟುಬಿಟ್ಟೆ.

ಮಾದಪ್ಪ ಬಿಳಿಚಿಕೊಂಡ ಮೇಲೆ ಮೈಸೂರಿಗೆ ಕಳಿಸಿದೆ. ರಕ್ತನಾಳ ಹರಿದದ್ದು ಹೃದಯದ ಪಕ್ಕದಲ್ಲೇ ಎಂದು ಸ್ಕ್ಯಾನಿನಲ್ಲಿ ಕಂಡಿತು. ಆಪರೇಷನ್ನಿಗೆ ಮೊದಲೇ ತೀರಿಹೋದ. ನರ ಹರಿದದ್ದು ಹೇಗೆ ಎಂದು ಗುರುಸಿದ್ದಪ್ಪ ಬಂದು ನಿಂತ. "ಮನೇಲಿ ಏನು ಮಾಡಿದ್ರಿ?" ಎಂದು ಅವನನ್ನೇ ಗದರಿದೆ. ಗೌರಮ್ಮ ಬೆನ್ನು ತಿಕ್ಕಿಸಿದ ವಿಷಯ ಹೊರಬಂತು. "ಮತ್ತೆ? ಅದಕ್ಕೇ ಹರಿದದ್ದು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಗಂಡನನ್ನು ತಿಂದವಳೆಂದು ಆಕೆಯನ್ನು ತವರಿಗೆ, ಬನ್ನೂರಿಗೆ ಅಟ್ಟಿದರು.

ವರ್ಷಗಳ ಮೇಲೆ ಬನ್ನೂರಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಗೌರಮ್ಮ ಕೂರಿ ಎನ್ನಲಿಲ್ಲ.

"ನಾನ್ ಕೊಂದಿಲ್ಲ ಅಂತ ನಂಗೊತ್ತು. ಅದ್ನ ನಂಗ್ಯಾಕ್ ಯೇಳೀರಿ? ನನ್ ಗಂಡನ್ ಮನೆ ಮುಂದೆ ನಿಂತ್ಕಂಡು ಯೇಳೋಗಿ."

ಬಾಗಿಲು ಹಾಕಿಕೊಂಡಳು.

ಇಂಜೆಕ್ಷನ್ ಇಲ್ಲದಿದ್ದರೂ ಮಾದಪ್ಪ ಉಳಿಯುತ್ತಿರಲಿಲ್ಲವೇನೋ — ಇಷ್ಟು ವರ್ಷ ಈ ಮಾತಿನ ಹಿಂದೆ ಅಡಗಿದ್ದೆ, ಸಾಕು. ಗುರುಸಿದ್ದಪ್ಪ ಇನ್ನೂ ಗಟ್ಟಿಯಾಗಿದ್ದಾನೆ. ಅವನೆದುರು ತಲೆ ತಗ್ಗಿಸುವುದು ನನ್ನಿಂದ ಆಗಿಲ್ಲ. ನಿಮಗೆ ಹೇಳಿದೆ, ಅವನಿಗೆ ಹೇಳಿಲ್ಲ. ಹೇಳುವವರೆಗೆ ಆ ಮನೆಯಲ್ಲಿ ಕೊಂದವಳು ಗೌರಮ್ಮನೇ.