ಅಳಿಯನ ರಕ್ತ

ರಕ್ತ ಹೀರುವ ಪರದೇಶಿ ದೊರೆಯ ಹಳೆಯ ಕಾದಂಬರಿಯೊಂದಿದೆಯಲ್ಲ, ಅದನ್ನು ಎಷ್ಟು ಸಲ ಸಿನಿಮಾ ಮಾಡಿದ್ದಾರೋ ಲೆಕ್ಕವಿಲ್ಲ. ಯಲ್ದೂರಿನಲ್ಲಿದ್ದ ನನ್ನಮ್ಮ ತೆಲುಗಿಗೆ ಡಬ್ ಆದದ್ದು, ಆಗದ್ದು ಎಲ್ಲವನ್ನೂ ಫೋನಿನಲ್ಲಿ ನೋಡುತ್ತಿದ್ದಳು. "ಹಳೇ ಕಪ್ಪು-ಬಿಳುಪಿನೋನೇ ವಾಸಿ ಕಣೇ, ಕಣ್ಣಲ್ಲೇ ಹೆದರಿಸ್ತಾನೆ. ಈ ಹೊಸಬ ಮದುವೆ ಗಂಡಿನ ಥರ ತಲೆ ಬಾಚ್ಕೊಂಡವ್ನೆ," ಎಂದು ನಗುತ್ತಿದ್ದಳು. ಊರಿನ ದೆವ್ವಗಳನ್ನೇ ನಂಬದ ಹೆಂಗಸು.

ಅಂಥವಳು ಹೋದ ವರ್ಷ ಕೋಲಾರದ ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಳು. ಗರ್ಭಕೋಶದ ಗಡ್ಡೆಯಿಂದ ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. ರಕ್ತ ಕೊಡದೆ ಆಪರೇಷನ್ ಆಗದು, ತಡವಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ನನ್ನ ಗಂಡ ಹಿಂದಿನ ದಿನ ಕೊಟ್ಟ ರಕ್ತ ಹೊಂದಿಕೆಯಾಗಿ, ಚೀಲ ಸ್ಟ್ಯಾಂಡಿನಲ್ಲಿ ನೇತಾಡುತ್ತಿತ್ತು. "ನಿಮ್ಮ ಅಳಿಯಂದೇ ಕಣಮ್ಮ," ಎಂದು ನರ್ಸಮ್ಮ ಹೇಳಿದ್ದೇ ತಡ, ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ವದ್ದು. ಬೇಡ."

ಅಳಿಯನೆದುರು ಕುರ್ಚಿಯಲ್ಲೂ ಕೂರದವಳು. ಅದೇ ಸಂಕೋಚವಿರಬೇಕು ಎಂದುಕೊಂಡು, "ಪ್ರಾಣಕ್ಕಿಂತ ಮರ್ಯಾದೆ ದೊಡ್ಡದೇನಮ್ಮ?" ಎಂದೆ.

"ಮರ್ಯಾದೆ ಅಲ್ಲ ಕಣೇ. ಆ ಸಿನಿಮಾದಲ್ಲಿ ಹುಡುಗಿಗೆ ಅಷ್ಟು ಜನ ರಕ್ತ ಕೊಟ್ರು. ಉಳಿದ್ಲಾ? ಸತ್ತು ಎದ್ದು ಬಂದು ಮೊದ್ಲು ಯಾರನ್ನ ಕರೆದ್ಲು? ರಕ್ತ ಕೊಟ್ಟ ತನ್ನ ಗಂಡನ್ನೇ. ನಾನು ಉಳೀದಿದ್ರೆ ನಿನ್ನ ತಾಳಿಗೇ ಕುತ್ತು."

ನನಗೆ ಮೈಯೆಲ್ಲ ಉರಿಯಿತು. "ನೋಡಿ ನೋಡಿ ನಗ್ತಿದ್ದೋಳು ನೀನೇ ಅಲ್ವಾ?"

"ಕೂತ್ಕೊಂಡು ನೋಡೋವಾಗ ನಗು ಬರುತ್ತೆ. ಹಿಂಗೆ ಮಲಗಿದ್ರೆ ಬರಲ್ಲ."

"ಅದರಲ್ಲೇ ಇನ್ನೊಬ್ಬಳು ಬದುಕ್ತಾಳಲ್ಲ?"

"ಅವಳಿಗೆ ಯಾರೂ ರಕ್ತ ಕೊಟ್ಟಿರಲಿಲ್ಲ." ಆ ಸ್ಥಿತಿಯಲ್ಲೂ ಕಥೆಯಲ್ಲಿ ಅವಳನ್ನು ಸೋಲಿಸುವಂತಿರಲಿಲ್ಲ.

ಹೆಚ್ಚು ಹೊತ್ತು ಹೊರಗಿಟ್ಟರೆ ರಕ್ತ ಕೆಡುತ್ತದೆ ಎನ್ನುತ್ತಾ ನರ್ಸಮ್ಮ ಚೀಲ ಇಳಿಸಲು ಕೈ ಹಾಕಿದರು. ಅಮ್ಮ ಹೋಗಿಯೇಬಿಡುತ್ತಾಳೆ ಎನಿಸಿತು. ಆ ಕಥೆಯನ್ನು ಯಾರು ಹೇಗೆ ತೆಗೆದರೂ, ಒಳಗಿನವರು ಕರೆಯದೆ ಆ ದೊರೆ ಹೊಸ್ತಿಲು ದಾಟುವಂತಿಲ್ಲ. ಅದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

"ಹಂಗಾದ್ರೆ ಬಾ," ಎಂದೆ. "ಸತ್ತು ಎದ್ದು ಬಂದ್ರೂ ಮಾಲೂರಿನ ನಮ್ಮನೆಗೇ ಬಾ. ನಾನೇ ಬಾಗಿಲು ತೆಗೆದು ಕರೀತೀನಿ. ಹೆಂಗೆ ಬಂದ್ರೂ ನೀನು ನಂಗೆ ಬೇಕು."

ಅಮ್ಮ ಸೆರಗಿನೊಳಗಿಂದ ಕೈ ಹೊರಗೆ ತೆಗೆದಳು.

"ಇಷ್ಟು ಕರೆದ್ಮೇಲೆ ಬದುಕ್ಕೊಂಡೇ ಬರ್ತೀನಿ ಬಿಡು," ಎಂದು ನರ್ಸಮ್ಮನ ಕಡೆ ಕೈ ಚಾಚಿದಳು.

ಆಪರೇಷನ್ ಮುಗಿಸಿಕೊಂಡು, ಮುಂದಿನ ತಿಂಗಳು ಬಂದಳು.