ಗಂಡನ ಹೆಸರು ಹೇಳದ ಸಾಕ್ಷಿ

"ಗಂಡನ ಹೆಸರು ಹೇಳಮ್ಮ."

ಮುನ್ಸಿಫರು ಕೇಳಿದರು. ಗಂಗಮ್ಮ ಬಾಯಿ ಬಿಡಲಿಲ್ಲ. ಗುಮಾಸ್ತ ಗದರಿದ. ಊಹೂಂ. ಸೆರಗನ್ನು ಬಾಯಿಗೆ ಒತ್ತಿಕೊಂಡು ಸಾಕ್ಷಿಕಟ್ಟೆಯಲ್ಲಿ ನಿಂತೇ ಇದ್ದಳು. ಹಿಂದೆ ಕೂತವರು ಕಿಸಕ್ಕನೆ ನಕ್ಕರು.

ಕಳೆದ ವಾರ ಕೋರ್ಟಿಗೆ ಹೋಗಿದ್ದೆ. (ಮೊನ್ನೆ ಮೊನ್ನೆ ಹೂಡಿದ ನನ್ನದೂ ಒಂದು ಬೇಲಿ ತಕರಾರಿದೆ. ಮುಂದಕ್ಕೆ ಹೋಯಿತು, ಬಿಡಿ.) ಗಂಗಮ್ಮ ಸೊರಬದ ಕಡೆಯ ರೈತಾಪಿ ಹೆಂಗಸು. ಗಂಡ ಹಾಸಿಗೆ ಹಿಡಿದಿದ್ದಾನೆ. ಅದೇ ಸಮಯ ನೋಡಿ ಮೈದುನ ಗದ್ದೆಗೆ ನೇಗಿಲು ಇಳಿಸಿದ್ದಾನೆ. ಈಕೆ ಸಾಕ್ಷಿ ನುಡಿಯದಿದ್ದರೆ ಗದ್ದೆ ಕೈಬಿಟ್ಟಂತೆಯೇ. ಆದರೆ ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದಲ್ಲ! ಅದೂ ಹಾಸಿಗೆ ಹಿಡಿದವನ ಹೆಸರು!

"ಹೇಳದಿದ್ದರೆ ಕೆಳಗಿಳಿ," ಎಂದು ಮುನ್ಸಿಫರು ರೇಗಿದರು.

ಆಗ ಎದ್ದವಳು ನನ್ನ ತಂಗಿಯ ಮಗಳು ಸರೋಜ. ಲಾಯರಾಗಿ ವರ್ಷವಾಯಿತು. ಗಂಗಮ್ಮನ ವಕೀಲರಾದ ರಾಯರಿಗೆ ಜೂನಿಯರ್. (ನನ್ನ ವಕೀಲರೂ ಅವರೇ.)

"ಗಂಗಮ್ಮ, ಮನೆಯವರಿಗೆ ಯಾವ ದೇವರ ಹೆಸರಿಟ್ಟಾರೆ?"

"ಗುಡಿಯಾಗೆ ಲಿಂಗದ ಕಡೆ ಮುಖ ಮಾಡಿ ಕೂತಾನಲ್ರೀ, ಅವಂದು."

"ಬಸಪ್ಪನೇನು?" ಎಂದರು ಮುನ್ಸಿಫರು. ಆಕೆ ತಲೆಯಾಡಿಸಿದಳು. ಅವರು ಬರೆದುಕೊಂಡರು. ಸಾಕ್ಷಿ ಸರಾಗವಾಗಿ ನಡೆಯಿತು. ನನಗೆ ಎಷ್ಟು ಹೆಮ್ಮೆಯಾಯಿತು ಅಂತೀರಿ!

ಹೊರಗೆ ಬಂದ ಮೇಲೆ ತಲೆಯಲ್ಲೊಂದು ಹುಳ ಹೊಕ್ಕಿತು. ರಾಜ್ಯ ಏಕೀಕರಣವಾಯಿತು, ನಯಾಪೈಸೆ ಬಂತು, ಹೆಂಗಸರು ಎರಡು ಸಲ ಓಟೂ ಹಾಕಿದರು. ಮುನ್ಸಿಫರು ಕೂರುವ ಆ ಕುರ್ಚಿಯಲ್ಲಿ ಮಾತ್ರ ಒಬ್ಬ ಹೆಂಗಸನ್ನೂ ನಾನು ಕಂಡಿಲ್ಲ. ಯಾಕಿರಬಹುದು? ರಾಯರನ್ನೇ ಕೇಳಿದೆ.

"ಟ್ರಾನ್ಸ್‌ಫರ್ ಆದರೆ ಗಂಡನ್ನ ಎಲ್ಲಿ ಬಿಡ್ತಾಳ್ರೀ?" ಎಂದರು. (ಈಗಿನ ಮುನ್ಸಿಫರ ಹೆಂಡತಿ ಪಾತ್ರೆ ಪಗಡ ಕಟ್ಟಿಕೊಂಡು ಊರೂರು ಅಲೆಯುತ್ತಾರೆ. ಅವರನ್ನು ಯಾರಾದರೂ ಕೇಳಿದ್ದಾರೆಯೇ?) "ಅದಿರ್ಲಿ. ಜಡ್ಜ್ ಆಗಬೇಕಂದ್ರೆ ಪ್ರಾಕ್ಟೀಸ್ ಬೇಕು. ಪ್ರಾಕ್ಟೀಸಿಗೆ ಕೇಸು ಬೇಕು. ಹೆಣ್ಣುಹುಡುಗಿಗೆ ಕೇಸು ಕೊಡೋರು ಯಾರು, ತೋರಿಸ್ರೀ ನೋಡೋಣ."

ತೋರಿಸಿಯೇಬಿಡೋಣ ಎನಿಸಿತು. ಅಷ್ಟರಲ್ಲಿ ಗಂಗಮ್ಮ ಬಂದು ಸರೋಜಳ ಕೆನ್ನೆ ಸವರಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ" ಎಂದಳು. ಕೈಗೆ ಎರಡು ಬಾಳೆಹಣ್ಣನ್ನೂ ಇಟ್ಟಳು.

"ಇನ್ನೊಂದು ಕೇಸು ಬಂದರೆ ಇವಳಿಗೇ ಕೊಡ್ತೀಯಲ್ಲಮ್ಮ?" ಎಂದೆ.

"ಅಯ್ಯ, ಗದ್ದೆ ವಿಚಾರ ಅಲ್ವೇನ್ರೀ! ಹೆಣ್ಣುಮಗಳ ಕೈಗೆ ಹ್ಯಾಂಗೆ ಕೊಡಾದು? ಅದಕ್ಕೆ ಗಂಡಸ್ರೇ ಬೇಕು."

ಸರೋಜಳ ಮುಖ ಚಿಕ್ಕದಾಯಿತು. ನನಗೆ ಎಲ್ಲಿಲ್ಲದ ಸಿಟ್ಟು. ನಾವಿಬ್ಬರೂ ಊರಿಗೆ ಹೊರಟ ಬಸ್ಸು ಶಿರಾಳಕೊಪ್ಪ ಮುಟ್ಟುವವರೆಗೂ ಗೊಣಗಿದೆ. ಉಪಕಾರ ಮಾಡಿದವಳನ್ನೇ ನಂಬದಿದ್ದರೆ ಹೇಗೆ? ಹೆಂಗಸರೇ ಹೀಗೆಂದರೆ ಇವಳು ಆ ಕುರ್ಚಿ ಹತ್ತುವುದು ಯಾವ ಕಾಲಕ್ಕೆ?

ಸರೋಜ ಎಲ್ಲವನ್ನೂ ಕೇಳಿಸಿಕೊಂಡಳು. ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

"ಮಾವ, ನಿಮ್ಮ ಬೇಲಿ ಕೇಸಿನ ವಕಾಲತ್ತು ಯಾರಿಗೆ ಕೊಟ್ಟೀರಿ?"