ಫಿನಾಯಿಲ್ ವಾಸನೆಯ ಬಾವಿ

ಆಲೂರಿನ ನಮ್ಮ ಬೀದಿಗೆ ನಲ್ಲಿ ಬಂದ ವರ್ಷವೇ ಅಪ್ಪ ಕಕ್ಕಸು ಕಟ್ಟಿಸಿದರು. ಅಲ್ಲಿಯವರೆಗೆ ಚೆಂಬು ಹಿಡಿದು ಲಂಟಾನ ಪೊದೆಯ ಮರೆಗೆ ಹೋಗುತ್ತಿದ್ದ ನಮಗೆ ಅದೇ ಅರಮನೆ. ಗುಂಡಿ ತೋಡಿಸುವ ಮಾತು ಬಂದಾಗ ಅಪ್ಪ ನಕ್ಕರು. "ಹಳೇ ಬಾವಿ ಸುಮ್ನೆ ಬಿದ್ದೈತಲ್ಲ, ಅದಕ್ಕೇ ಪೈಪ್ ಬಿಟ್ರಾಯ್ತು. ನಾವು ಸಾಯೋಗಂಟ ತುಂಬಲ್ಲ." ಬಾವಿಯ ಬಾಯಿಗೆ ಚಪ್ಪಡಿ ಎಳೆಸಿದರು. ಬೀದಿಯವರೆಲ್ಲ ಎಂಥಾ ತಲೆ ಎಂದು ಹೊಗಳಿದರು.

ಅಮ್ಮನ ಶುಚಿಯನ್ನಂತೂ ಕೇಳಲೇಬೇಡಿ. ಮುಸುರೆ ಕೈಯಲ್ಲಿ ನಲ್ಲಿ ಮುಟ್ಟಿದರೆ ನಲ್ಲಿಯನ್ನೇ ಹುಣಸೆಹಣ್ಣು ಹಾಕಿ ಉಜ್ಜುವವಳು. ಕಕ್ಕಸಿಗೆ ಬೆಳಿಗ್ಗೆ ಸಂಜೆ ಫಿನಾಯಿಲ್ ಸುರಿಯುತ್ತಿದ್ದಳು.

ನಮ್ಮದು ಇಳಿಜಾರಿನ ಬೀದಿ. ಕೆಳಮನೆಯ ಅಜ್ಜಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ನಲ್ಲಿ ನೀರಿಗೆ ರುಚಿಯಿಲ್ಲವೆಂದು ಅಜ್ಜಿ ತಮ್ಮ ಬಾವಿಯನ್ನು ಬಿಟ್ಟಿರಲಿಲ್ಲ. ಆ ನೀರು ಹನಿಸಿಯೇ ಬಜೆ ತೇದು ದಿನಾ ಕೂಸಿಗೆ ನೆಕ್ಕಿಸುತ್ತಿದ್ದರು. ಕೂಸಿಗೆ ಭೇದಿ ಶುರುವಾಯಿತು. ಭೇದಿಗೆ ಮದ್ದೇನು? ಮತ್ತೆ ಬಜೆ. ಕೂಸು ಸೊರಗಿ, ಅಳುವುದಕ್ಕೂ ತ್ರಾಣವಿಲ್ಲದಂತಾಯಿತು.

ಒಂದು ಮಧ್ಯಾಹ್ನ ಅಜ್ಜಿ ಚೆಂಬಿನಲ್ಲಿ ನೀರು ತಂದು ಅಮ್ಮನ ಮೂಗಿಗೆ ಹಿಡಿದರು. "ಮೂಸಿ ನೋಡವ್ವ. ನಮ್ ಬಾವಿ ನೀರು ಆಸ್ಪತ್ರೆ ವಾಸ್ನೆ ಬತ್ತೈತೆ. ಯಾರಾದ್ರೂ ಏನಾದ್ರೂ ಹಾಕ್ಬುಟ್ರೇನೋ."

ಅಮ್ಮನ ಮುಖ ಬಿಳಿಚಿತು. ನಾನೂ ಮೂಸಿದೆ. ನಮ್ಮ ಕಕ್ಕಸಿನ ವಾಸನೆ! ಫಿನಾಯಿಲ್ ಇಳಿದ ದಾರಿಯಲ್ಲಿ ಇನ್ನೇನೇನು ಇಳಿದಿರಬೇಕೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಮ್ಮ ಅಜ್ಜಿಯ ಕೈ ಹಿಡಿದು ಎಲ್ಲವನ್ನೂ ಹೇಳಿದಳು. ಅಜ್ಜಿ ಬೈಯಲಿಲ್ಲ. "ಅಯ್ಯೋ, ನನ್ ಕೈಯಾರೆ ಕುಡಿಸ್ಬುಟ್ನಲ್ಲವ್ವಾ" ಎಂದು ಕುಸಿದರು. ಆಮೇಲೆ ಚೆಂಬನ್ನು ಅಲ್ಲೇ ಬಿಟ್ಟು ಓಡಿದರು. ಕೂಸನ್ನು ಆಗಲೇ ಆಸ್ಪತ್ರೆಗೆ ಒಯ್ದರು.

ಊಟಕ್ಕೆ ಬಂದ ಅಪ್ಪನಿಗೆ ಅಮ್ಮ ವಿಷಯ ತಿಳಿಸಿದಳು. ಅಪ್ಪ ಅನ್ನ ಕಲಸುತ್ತಲೇ, "ಅದಕ್ಯಾಕಿಷ್ಟು ಗಾಬರಿ? ಫಿನಾಯಿಲ್ ಹಾಕೋದ್ ನಿಲ್ಸು. ವಾಸ್ನೆ ಹೋಯ್ತದೆ" ಎಂದರು.

ಇವರು ನಮ್ಮಪ್ಪನೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಮ್ಮ ಅಜ್ಜಿಯ ಚೆಂಬನ್ನು ತಂದು ತಟ್ಟೆಯ ಪಕ್ಕಕ್ಕಿಟ್ಟಳು.

"ಏನಿದು?"

"ಕೆಳಮನೆ ಬಾವಿ ನೀರು. ಕುಡೀರಿ. ಹಸುಗೂಸೇ ಕುಡ್ದೈತೆ, ನಿಮ್ಗೇನಾಯ್ತದೆ?"

ಅಪ್ಪ ಕಲಸಿದ ಅನ್ನ ಬಿಟ್ಟು ಎದ್ದರು. ಸಂಜೆಯೊಳಗೆ ಕಕ್ಕಸಿನ ಬಾಗಿಲಿಗೆ ಬೀಗ ಬಿತ್ತು. ಮರುದಿನ ಬೆಳಿಗ್ಗೆ ನಾವು ಮತ್ತೆ ಲಂಟಾನದ ಕಡೆ ಹೊರಟೆವು, ಎಲ್ಲರಿಗಿಂತ ಮುಂದೆ ಅಪ್ಪ.

ಕೂಸು ಉಳಿಯಿತು. ಆ ಚೆಂಬನ್ನು ಮಾತ್ರ ಅಜ್ಜಿ ವಾಪಸು ಕೇಳಲಿಲ್ಲ.